ತಪ್ಪು ಹಾಕುವ ಮೊದಲು ತಪ್ಪನ್ನು ಓದುವುದು ಹೇಗೆ: ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ

ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ಕಾಪಿಯಲ್ಲಿ ನಾಲ್ಕು ಕಳೆಯುವ ಲೆಕ್ಕಗಳಿವೆ ಎಂದುಕೊಳ್ಳಿ. 74ರಲ್ಲಿ 31 ಕಳೆದು 43 ಎಂದು ಬರೆದಿದ್ದಾಳೆ, ಅದು ಸರಿ. 52ರಲ್ಲಿ 27 ಕಳೆದು 35, 81ರಲ್ಲಿ 46 ಕಳೆದು 45, 90ರಲ್ಲಿ 34 ಕಳೆದು 64 ಎಂದು ಬರೆದಿದ್ದಾಳೆ. ಈ ಮೂರೂ ತಪ್ಪು. ನಮ್ಮಲ್ಲಿ ಬಹುಪಾಲು ಶಿಕ್ಷಕರು ಒಂದು ರೈಟು, ಮೂರು ಇಂಟು ಹಾಕಿ, ಕೆಳಗೆ ನಾಲ್ಕಕ್ಕೆ ಒಂದು ಎಂದು ಬರೆದು, ‘ಗಮನವಿಟ್ಟು ಮಾಡು’ ಎಂದು ಹೇಳಿ ಕಾಪಿಯನ್ನು ಹಿಂದಿರುಗಿಸುತ್ತೇವೆ. ಆದರೆ ಆ ಹುಡುಗಿ ಗಮನವಿಟ್ಟೇ ಮಾಡಿದ್ದಾಳೆ. ನಾಲ್ಕೂ ಲೆಕ್ಕಗಳಲ್ಲಿ ಅವಳು ಒಂದೇ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ: ಪ್ರತಿಯೊಂದು ಸ್ಥಾನದಲ್ಲಿಯೂ ಎರಡು ಅಂಕಿಗಳ ಪೈಕಿ ದೊಡ್ಡದು ಯಾವುದೋ ಅದರಿಂದ ಚಿಕ್ಕದನ್ನು ಕಳೆದಿದ್ದಾಳೆ, ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬುದನ್ನು ನೋಡಿಲ್ಲ. ಮೊದಲ ಲೆಕ್ಕ ಸರಿಯಾದದ್ದು ಅಲ್ಲಿ ಮೇಲಿನ ಅಂಕಿಗಳೇ ದೊಡ್ಡವಾಗಿದ್ದವು ಎಂಬ ಕಾರಣಕ್ಕೆ ಮಾತ್ರ.

ಈ ನಿಯಮವನ್ನು ಅವಳಿಗೆ ಕಲಿಸಿದವರು ಯಾರು? ಒಂದು, ಎರಡನೆಯ ತರಗತಿಗಳಲ್ಲಿ ‘ಯಾವಾಗಲೂ ದೊಡ್ಡ ಸಂಖ್ಯೆಯಿಂದ ಚಿಕ್ಕ ಸಂಖ್ಯೆಯನ್ನು ಕಳೆಯಬೇಕು’ ಎಂದು ಹೇಳಿಕೊಟ್ಟ ನಾವೇ. ನಾವು ಇಡೀ ಸಂಖ್ಯೆಯನ್ನು ಕುರಿತು ಹೇಳಿದ ಮಾತನ್ನು ಅವಳು ಒಂದೊಂದು ಅಂಕಿಗೂ ಅನ್ವಯಿಸಿಕೊಂಡಳು. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಕೂಡುವ, ಕಳೆಯುವ ಲೆಕ್ಕಗಳ ತಪ್ಪುಗಳನ್ನು ಅಧ್ಯಯನ ಮಾಡಿ ಕಂಡುಕೊಂಡದ್ದು ಇದನ್ನೇ: ಅನೇಕ ತಪ್ಪುಗಳು ಅಜಾಗರೂಕತೆಯಿಂದ ಆದವುಗಳಲ್ಲ, ಮಗು ಕ್ರಮಬದ್ಧವಾಗಿ ಅನುಸರಿಸುವ ತಪ್ಪು ವಿಧಾನದಿಂದ ಹುಟ್ಟಿದವುಗಳು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ದೋಷವನ್ನು ಹುಡುಕುವಂತೆ ಆ ವಿಧಾನವನ್ನು ಹುಡುಕಬಹುದು ಎಂದು ಅವರು ತೋರಿಸಿದರು. ಹುಡುಕುವುದಕ್ಕೆ ಕಂಪ್ಯೂಟರು ಬೇಕಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿಯೂ ಅದನ್ನು ಹೇಗೆ ಮಾಡಬಹುದು ಎಂಬುದನ್ನು, ನಾನೂ ಸಾಕಷ್ಟು ವರ್ಷ ತಪ್ಪಾಗಿ ಮಾಡಿದ ಬಳಿಕ ಕಲಿತಷ್ಟನ್ನು, ಇಲ್ಲಿ ಬರೆಯುತ್ತಿದ್ದೇನೆ.

ಉತ್ತರದಿಂದ ವಿಧಾನವನ್ನು ಊಹಿಸಲು ಬರುವ ಲೆಕ್ಕಗಳನ್ನು ಕೊಡಿ

ಮೊದಲ ಕೆಲಸ ಪ್ರಶ್ನೆಗಳ ಆಯ್ಕೆ. ಹತ್ತು ಲೆಕ್ಕ ಕೊಟ್ಟು ಎಷ್ಟು ಸರಿ ಎಂದು ಎಣಿಸುವುದಕ್ಕಿಂತ, ಬೇರೆ ಬೇರೆ ತಪ್ಪು ತಿಳಿವಳಿಕೆಗಳು ಬೇರೆ ಬೇರೆ ಉತ್ತರಗಳನ್ನು ಕೊಡುವಂಥ ಮೂರು ಲೆಕ್ಕಗಳು ಹೆಚ್ಚು ಉಪಯುಕ್ತ. ಕಳೆಯುವ ಲೆಕ್ಕಕ್ಕೆ ನಾನು 74–31, 52–27 ಮತ್ತು 403–128 ಎಂಬ ಮೂರನ್ನು ಬಳಸುತ್ತೇನೆ. ಕೊನೆಯ ಲೆಕ್ಕದ ಸರಿಯುತ್ತರ 275. ಒಬ್ಬ ಹುಡುಗ 325 ಎಂದು ಬರೆದರೆ ಅವನು ಮೇಲೆ ಹೇಳಿದ ಹುಡುಗಿಯ ದಾರಿಯಲ್ಲಿಯೇ ಇದ್ದಾನೆ: ನಾಲ್ಕರಲ್ಲಿ ಒಂದು ಹೋದರೆ ಮೂರು, ಎರಡರಲ್ಲಿ ಸೊನ್ನೆ ಹೋದರೆ ಎರಡು, ಎಂಟರಲ್ಲಿ ಮೂರು ಹೋದರೆ ಐದು. ಇನ್ನೊಬ್ಬ 375 ಎಂದು ಬರೆದರೆ ಅವನ ಕತೆಯೇ ಬೇರೆ. ಅವನು ಬಿಡಿ ಸ್ಥಾನಕ್ಕೆ ಹತ್ತನ್ನು ತಂದುಕೊಂಡು 13ರಲ್ಲಿ 8 ಕಳೆದಿದ್ದಾನೆ, ಹತ್ತರ ಸ್ಥಾನದ ಸೊನ್ನೆಯನ್ನು ಒಂಬತ್ತು ಮಾಡಿ ಅದರಲ್ಲಿ ಎರಡನ್ನೂ ಕಳೆದಿದ್ದಾನೆ, ಆದರೆ ಆ ಒಂಬತ್ತು ಎಲ್ಲಿಂದ ಬಂತು ಎಂಬುದನ್ನು ಮರೆತು ನೂರರ ಸ್ಥಾನದ ನಾಲ್ಕನ್ನು ನಾಲ್ಕಾಗಿಯೇ ಉಳಿಸಿದ್ದಾನೆ. ಅಂಕಪಟ್ಟಿಯಲ್ಲಿ ಇಬ್ಬರಿಗೂ ಸೊನ್ನೆ. ಕಲಿಕೆಯಲ್ಲಿ ಇಬ್ಬರ ನಡುವೆ ಒಂದು ವರ್ಷದ ಅಂತರವಿದೆ. ಮೊದಲನೆಯವನಿಗೆ ಸ್ಥಾನಬೆಲೆಯನ್ನೇ ಮತ್ತೆ ಕಲಿಸಬೇಕು. ಎರಡನೆಯವನಿಗೆ ಹತ್ತು ನಿಮಿಷ ಸಾಕು. ಇಬ್ಬರಿಗೂ ಒಂದೇ ಪಾಠವನ್ನು ಎರಡನೆಯ ಸಲ ಮಾಡಿದರೆ ಒಬ್ಬನಿಗೆ ಅದು ಅರ್ಥವಾಗುವುದಿಲ್ಲ, ಇನ್ನೊಬ್ಬನಿಗೆ ಬೇಸರವಾಗುತ್ತದೆ.

ಆದ್ದರಿಂದ ಕಾಪಿಗಳನ್ನು ತಿದ್ದುವಾಗ ರೋಲ್ ನಂಬರಿನ ಕ್ರಮವನ್ನು ಬಿಟ್ಟು, ಒಂದೇ ರೀತಿಯ ಉತ್ತರ ಬರೆದವರ ಕಾಪಿಗಳನ್ನು ಒಂದೊಂದು ಗುಡ್ಡೆಯಾಗಿ ಹಾಕಿಕೊಳ್ಳಿ. ಮೂರು ಅಥವಾ ನಾಲ್ಕು ಗುಡ್ಡೆಗಳಾಗುತ್ತವೆ, ಅದಕ್ಕಿಂತ ಹೆಚ್ಚು ಆಗುವುದು ಅಪರೂಪ. ಯಾವ ಗುಡ್ಡೆಗೂ ಸೇರದೆ ಉಳಿಯುವ ಉತ್ತರಗಳು ಸಾಮಾನ್ಯವಾಗಿ ಕೈತಪ್ಪುಗಳು. ಕೈತಪ್ಪನ್ನು ಗುರುತಿಸಲು ಸುಲಭವಾದ ಉಪಾಯವೊಂದಿದೆ: ‘ಇಲ್ಲಿ ಎಲ್ಲೋ ಒಂದು ತಪ್ಪಿದೆ, ಹುಡುಕು’ ಎಂದಷ್ಟೇ ಹೇಳಿ ಕಾಪಿಯನ್ನು ಕೊಡಿ. ಮಗು ತಾನಾಗಿಯೇ ತಿದ್ದಿಕೊಂಡರೆ ಅದಕ್ಕೆ ಪಾಠ ಬೇಕಿಲ್ಲ.

‘ಹೇಗೆ ಮಾಡಿದೆ?’ ಎಂದು ಕೇಳುವ ರೀತಿ

ಗುಡ್ಡೆಗಳಾದ ಮೇಲೆ ಪ್ರತಿ ಗುಡ್ಡೆಯಿಂದ ಒಂದು ಮಗುವನ್ನಾದರೂ ಹತ್ತಿರ ಕರೆದು ಮಾತನಾಡಿಸಬೇಕು. ನಮ್ಮ ಊಹೆ ಎಷ್ಟೋ ಸಲ ತಪ್ಪಾಗಿರುತ್ತದೆ. ಕೇಳಬೇಕಾದ ಮಾತು ಚಿಕ್ಕದು: ‘ಇದನ್ನು ಹೇಗೆ ಮಾಡಿದೆ, ಹೇಳಮ್ಮ ನೋಡೋಣ.’ ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ನಾವು ತಪ್ಪು ಉತ್ತರ ಬಂದಾಗ ಮಾತ್ರ ಈ ಪ್ರಶ್ನೆಯನ್ನು ಕೇಳುತ್ತಿದ್ದರೆ ಒಂದು ವಾರದೊಳಗೆ ಮಕ್ಕಳಿಗೆ ಅದರ ಗುಟ್ಟು ತಿಳಿದುಬಿಡುತ್ತದೆ. ‘ಹೇಗೆ’ ಎಂದ ಕೂಡಲೇ ಸ್ಲೇಟನ್ನು ಒರೆಸಿಬಿಡುತ್ತವೆ. ಸರಿಯುತ್ತರ ಬರೆದವರನ್ನೂ ಅದೇ ಧಾಟಿಯಲ್ಲಿ, ಅಷ್ಟೇ ಸಲ ಕೇಳಬೇಕು. ಸರಿಯುತ್ತರದ ಹಿಂದೆಯೂ ವಿಚಿತ್ರವಾದ ವಿಧಾನಗಳು ಅಡಗಿರುತ್ತವೆ, 74–31ರಲ್ಲಿ ಕಂಡ ಹಾಗೆ.

ಕೇಳಿದ ಮೇಲೆ ಸುಮ್ಮನಿರುವುದು ಇನ್ನೂ ಕಷ್ಟ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಪ್ರಶ್ನೆ ಕೇಳಿದ ಬಳಿಕ ಶಿಕ್ಷಕರು ಕಾಯುತ್ತಿದ್ದ ಅವಧಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು, ಉತ್ತರವೇ ಬಾರದಿರುವುದು ಕಡಿಮೆಯಾಯಿತು. ನಮ್ಮ ತರಗತಿಗಳಲ್ಲಿ ಆ ಮೂರು ಸೆಕೆಂಡುಗಳೊಳಗೆ ಮುಂದಿನ ಬೆಂಚಿನ ಇಬ್ಬರು ‘ಸರ್, ನಾನು ಹೇಳ್ತೀನಿ ಸರ್’ ಎಂದು ಎದ್ದು ನಿಂತಿರುತ್ತಾರೆ. ಅವರನ್ನು ಕೈಸನ್ನೆಯಿಂದ ಕೂರಿಸಿ, ಮನಸ್ಸಿನಲ್ಲಿಯೇ ಐದರವರೆಗೆ ಎಣಿಸಿ. ನಾನು ಹೀಗೆ ಎಣಿಸಿಕೊಂಡು ಕಾದ ಒಂದು ದಿನ, ಮೇಲಿನಂಥದೇ ಲೆಕ್ಕ ಮಾಡಿದ್ದ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: ‘ಎರಡರಲ್ಲಿ ಏಳು ಹೋಗಲ್ಲ ಸರ್. ಅದಕ್ಕೆ ಏಳರಲ್ಲಿ ಎರಡು ಕಳೆದೆ.’ ಅವಳ ಮಾತಿನಲ್ಲಿ ಅರ್ಧ ಸತ್ಯವಿತ್ತು. ಎರಡರಲ್ಲಿ ಏಳು ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆಗ ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ತಿದ್ದುವುದು: ಎರಡು ಉತ್ತರಗಳನ್ನು ಎದುರುಬದುರು ನಿಲ್ಲಿಸಿ

ಇಂಥ ಸಂದರ್ಭದಲ್ಲಿ ಸರಿಯಾದ ವಿಧಾನವನ್ನು ಕರಿಹಲಗೆಯ ಮೇಲೆ ಮತ್ತೊಮ್ಮೆ ಮಾಡಿ ತೋರಿಸುವುದು ನಮಗೆ ಮೊದಲು ಹೊಳೆಯುವ ದಾರಿ. ಮಗು ತಲೆಯಾಡಿಸುತ್ತದೆ, ಬರೆದುಕೊಳ್ಳುತ್ತದೆ, ಮರುದಿನ ಮತ್ತೆ ಹಳೆಯ ನಿಯಮಕ್ಕೇ ಹೋಗುತ್ತದೆ, ಏಕೆಂದರೆ ಆ ನಿಯಮ ತಪ್ಪು ಎಂದು ಅದಕ್ಕೆ ಅನ್ನಿಸಿಯೇ ಇಲ್ಲ. ಹಳೆಯ ನಿಯಮ ಕೆಲಸ ಮಾಡುವುದಿಲ್ಲ ಎಂಬುದನ್ನು ಮಗು ತನ್ನ ಕಣ್ಣಾರೆ ಕಾಣಬೇಕು.

ಆ ಹುಡುಗಿಗೆ ನಾನು ಹತ್ತು ರೂಪಾಯಿಯ ಐದು ನೋಟುಗಳನ್ನೂ ಒಂದು ರೂಪಾಯಿಯ ಎರಡು ನಾಣ್ಯಗಳನ್ನೂ ಕೊಟ್ಟು, ಅಂಗಡಿಯಲ್ಲಿ 27 ರೂಪಾಯಿ ಕೊಟ್ಟರೆ ಎಷ್ಟು ಉಳಿಯುತ್ತದೆ ಎಂದು ಕೇಳಿದೆ. ಅವಳ ತಾಯಿ ಸಂತೆಯಲ್ಲಿ ಸೊಪ್ಪು ಮಾರುವವರು. ಅವಳು ಎಣಿಸದೆಯೇ 25 ಎಂದಳು. ‘ಅಂಗಡಿಯಲ್ಲಿ 25, ಕಾಪಿಯಲ್ಲಿ 35. ಲೆಕ್ಕ ಒಂದೇ ಅಲ್ಲವೇ? ಯಾವುದು ಸರಿ?’ ಎಂದು ಕೇಳಿ ಸುಮ್ಮನಾದೆ. ಅವಳು ನೋಟುಗಳನ್ನು ಮೂರು ಸಲ ಎಣಿಸಿದಳು. ಆಮೇಲೆ, ಏಳು ರೂಪಾಯಿ ಕೊಡಲು ಚಿಲ್ಲರೆ ಸಾಲದಾಗ ಒಂದು ಹತ್ತರ ನೋಟನ್ನು ಮುರಿಸಬೇಕು ಎಂದು ಅವಳೇ ಹೇಳಿದಳು. ‘ಮುರಿಸಬೇಕು’ ಎಂಬ ಆ ಮಾತನ್ನೇ ಹಿಡಿದು, ನೋಟು ಮುರಿಸಿದ್ದನ್ನು ಕಾಪಿಯಲ್ಲಿ ಹೇಗೆ ಬರೆಯುವುದು ಎಂದು ಒಂದೊಂದು ಹೆಜ್ಜೆಯಾಗಿ ಪಕ್ಕದಲ್ಲಿ ಬರೆದೆವು: ಐದು ಹತ್ತುಗಳು ನಾಲ್ಕಾದವು, ಎರಡು ಬಿಡಿಗಳು ಹನ್ನೆರಡಾದವು. ಪಕ್ಕದ ಮನೆಯಿಂದ ‘ಸಾಲ’ ತರುವುದು ಎಂದು ನಾವು ರೂಢಿಯಿಂದ ಹೇಳುವ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆ ಸಾಲವನ್ನು ಯಾರೂ ತೀರಿಸುವುದಿಲ್ಲ, ಮತ್ತು ತಂದದ್ದು ಒಂದೋ ಹತ್ತೋ ಎಂಬುದೂ ಮಗುವಿಗೆ ಸ್ಪಷ್ಟವಾಗುವುದಿಲ್ಲ. ನೋಟು ಮುರಿಸುವುದರಲ್ಲಿ ಒಟ್ಟು ಮೊತ್ತ ಬದಲಾಗುವುದಿಲ್ಲ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಹಣವಿಲ್ಲದಿದ್ದರೆ ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿದ ಕಡ್ಡಿಗಳ ಕಟ್ಟುಗಳೂ ಇದೇ ಕೆಲಸ ಮಾಡುತ್ತವೆ.

ಅಲ್ಲಿಗೇ ಮುಗಿಯಿತೆಂದು ತಿಳಿಯಬೇಡಿ. ಮೂರು ದಿನ ಬಿಟ್ಟು ಅಂಥದೇ ಒಂದು ಲೆಕ್ಕವನ್ನು, ಎರಡು ವಾರ ಬಿಟ್ಟು ಕೂಡುವ ಲೆಕ್ಕಗಳ ನಡುವೆ ಬೆರೆಸಿ ಇನ್ನೊಂದನ್ನು ಕೊಡಿ. ಅದೇ ದಿನ ಸರಿಯಾಗಿ ಮಾಡಿದ್ದು ಕಲಿಕೆಗೆ ಸಾಕ್ಷಿಯಲ್ಲ.

ನಮ್ಮ ಬಾಯಿಂದಲೇ ಹುಟ್ಟುವ ತಪ್ಪುಗಳು

ಮಕ್ಕಳ ತಪ್ಪುಗಳನ್ನು ಗುಡ್ಡೆ ಹಾಕಿ ನೋಡತೊಡಗಿದರೆ, ಅವುಗಳಲ್ಲಿ ಎಷ್ಟೋ ತಪ್ಪುಗಳ ಮೂಲ ನಮ್ಮ ಪಾಠದಲ್ಲಿಯೇ ಇದೆ ಎಂಬ ಇರಿಸುಮುರಿಸಿನ ಸಂಗತಿ ಬೇಗನೆ ಎದುರಾಗುತ್ತದೆ. ಬೋಧನೆಯ ಗುಣಮಟ್ಟ ಎಂದರೆ ಚಟುವಟಿಕೆ, ಚಾರ್ಟು, ಸ್ಮಾರ್ಟ್ ಕ್ಲಾಸು ಎಂದು ತಿಳಿಯುವವರಿದ್ದಾರೆ. ನನ್ನ ಮಟ್ಟಿಗೆ, ತಾನು ಇಂದು ಹೇಳುವ ಸುಲಭಸೂತ್ರ ಎರಡು ವರ್ಷಗಳ ನಂತರ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬಲ್ಲವನೇ ಒಳ್ಳೆಯ ಶಿಕ್ಷಕ.

‘ಹತ್ತರಿಂದ ಗುಣಿಸಿದರೆ ಕೊನೆಗೆ ಒಂದು ಸೊನ್ನೆ ಹಾಕು’ ಎಂದು ಮೂರನೆಯ ತರಗತಿಯಲ್ಲಿ ಹೇಳಿಕೊಟ್ಟ ಮಗು ದಶಮಾಂಶಕ್ಕೆ ಬಂದಾಗ 2.5ನ್ನು ಹತ್ತರಿಂದ ಗುಣಿಸಿ 2.50 ಎಂದು ಬರೆಯುತ್ತದೆ. 0.45ನ್ನು ‘ಸೊನ್ನೆ ಪಾಯಿಂಟ್ ನಲವತ್ತೈದು’ ಎಂದು ಓದುವ ಶಿಕ್ಷಕರ ತರಗತಿಯಲ್ಲಿ, 0.6ಕ್ಕಿಂತ 0.45 ದೊಡ್ಡದು ಎಂದು ಮಕ್ಕಳು ಹೇಳಿದರೆ ಆಶ್ಚರ್ಯವಿಲ್ಲ; ಆರಕ್ಕಿಂತ ನಲವತ್ತೈದು ದೊಡ್ಡದೇ ತಾನೆ? ‘ಪಾಯಿಂಟ್ ನಾಲ್ಕು ಐದು’ ಎಂದು ಓದುವುದು, ಹತ್ತನೆಯ ಭಾಗ ನಾಲ್ಕು, ನೂರನೆಯ ಭಾಗ ಐದು ಎಂದು ಆಗಾಗ ಬಿಡಿಸಿ ಹೇಳುವುದು, ಹೋಲಿಸುವಾಗ 0.6ನ್ನು 0.60 ಎಂದು ಬರೆಸುವುದು ಇದಕ್ಕೆ ಪರಿಹಾರ.

ಮಾತಿನ ಲೆಕ್ಕಗಳಲ್ಲಿ ‘ಹೆಚ್ಚು ಎಂದರೆ ಕೂಡು, ಕಡಿಮೆ ಎಂದರೆ ಕಳೆ’ ಎಂಬ ಸೂತ್ರವಂತೂ ನಾವು ಪರೀಕ್ಷೆಯ ಭಯಕ್ಕೆ ಹಂಚುವ ವಿಷ. ‘ರವಿಯ ಬಳಿ 12 ಗೋಲಿಗಳಿವೆ. ಅವು ರಾಜುವಿನ ಬಳಿ ಇರುವುದಕ್ಕಿಂತ 5 ಹೆಚ್ಚು. ರಾಜುವಿನ ಬಳಿ ಎಷ್ಟಿವೆ?’ ಎಂದು ಕೇಳಿ ನೋಡಿ. ಸೂತ್ರ ಕಲಿತ ಮಗು ಥಟ್ಟನೆ 17 ಎನ್ನುತ್ತದೆ. ಯಾರ ಬಳಿ ಹೆಚ್ಚು ಗೋಲಿಗಳಿವೆ ಎಂದು ಮೊದಲು ಕೇಳಿ, ಎರಡು ಗೆರೆಗಳನ್ನು ಒಂದರ ಕೆಳಗೊಂದು ಎಳೆಸಿದರೆ ಅದೇ ಮಗು 7 ಎನ್ನುತ್ತದೆ.

ಕನ್ನಡ ಬರವಣಿಗೆಯ ತಪ್ಪುಗಳು

ಕಾಗುಣಿತದ ತಪ್ಪುಗಳಿಗೂ ಇದೇ ಬಗೆಯ ಒಳತರ್ಕವಿದೆ, ಆದರೆ ಅದರ ಬೇರು ಹೆಚ್ಚಾಗಿ ಮನೆಯ ಮಾತಿನಲ್ಲಿರುತ್ತದೆ. ಹಳೆಯ ಮೈಸೂರಿನ ಹಳ್ಳಿಗಳ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆಯುತ್ತದೆ, ಏಕೆಂದರೆ ತಾನು ಕೇಳಿದ್ದನ್ನೇ ನಿಷ್ಠೆಯಿಂದ ಬರೆಯುತ್ತಿದೆ. ಮನೆಯಲ್ಲಿ ಉರ್ದು ಮಾತನಾಡುವ ಮಗುವಿನ ಭಾಷೆಯಲ್ಲಿ ಳಕಾರವೇ ಇಲ್ಲ; ಆದ್ದರಿಂದ ಅದು ‘ನಮ್ಮ ಹಲ್ಲಿಯಲ್ಲಿ ಒಂದು ಕೆರೆ ಇದೆ’ ಎಂದು ಬರೆದು ಗಟ್ಟಿಯಾಗಿ ಓದುತ್ತದೆ, ಇಡೀ ತರಗತಿ ಘೊಳ್ಳೆಂದು ನಗುತ್ತದೆ. ಆ ನಗು ಏಳುವ ಕ್ಷಣದಲ್ಲಿ ಶಿಕ್ಷಕರು ಏನು ಮಾಡುತ್ತಾರೆ ಎಂಬುದರ ಮೇಲೆ ಆ ಮಗು ವರ್ಷದ ಉಳಿದ ದಿನಗಳಲ್ಲಿ ಬಾಯಿ ತೆರೆಯುತ್ತದೆಯೋ ಇಲ್ಲವೋ ಎಂಬುದು ನಿಂತಿದೆ. ನಗಬೇಡಿ ಎಂದು ಗದರಿಸುವುದರಿಂದ ನಗು ಗುಟ್ಟಾಗುತ್ತದೆ, ನಿಲ್ಲುವುದಿಲ್ಲ. ‘ಹಳ್ಳಿ’ ಮತ್ತು ‘ಹಲ್ಲಿ’ ಎರಡನ್ನೂ ಹಲಗೆಯ ಮೇಲೆ ಬರೆದು, ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಚಿ ಅಂಗುಳಕ್ಕೆ ತಾಗಿಸುವುದನ್ನು ಇಡೀ ತರಗತಿಯಿಂದಲೇ ಮಾಡಿಸಿ. ಬಳಿಕ ಉರ್ದುವಿನ ಯಾವುದಾದರೂ ಕಠಿಣ ಪದವೊಂದನ್ನು ಆ ಮಗುವಿನಿಂದಲೇ ಎಲ್ಲರಿಗೂ ಹೇಳಿಕೊಡಿಸಿ. ಅಷ್ಟರಲ್ಲಿ ನಗುವವರ ನಾಲಿಗೆಯೂ ತೊಡರುತ್ತದೆ.

‘ಆಲು’ ಎನ್ನುವ ಮಗುವಿಗೆ ನಿನ್ನ ಅಜ್ಜಿ ತಪ್ಪು ಮಾತನಾಡುತ್ತಾಳೆ ಎಂಬ ಅರ್ಥ ಬರುವಂತೆ ಹೇಳಬಾರದು. ಮನೆಯಲ್ಲಿ ಹಾಗೆಯೇ ಮಾತನಾಡು, ಬರೆಯುವಾಗ ಎಲ್ಲ ಊರುಗಳವರಿಗೂ ತಿಳಿಯುವಂತೆ ಹೀಗೆ ಬರೆಯೋಣ ಎನ್ನಬೇಕು. ‘ಅಕ್ಕಿ’ ಮತ್ತು ‘ಹಕ್ಕಿ’ಗಳಂಥ ಜೋಡಿಪದಗಳನ್ನು ಕೊಟ್ಟು ವಾಕ್ಯ ಮಾಡಿಸಿದರೆ ಒಂದು ಅಕ್ಷರ ಅರ್ಥವನ್ನೇ ಬದಲಿಸುವುದು ಗೊತ್ತಾಗುತ್ತದೆ. ಒಂದು ಪುಟದಲ್ಲಿ ಇಪ್ಪತ್ತು ತಪ್ಪುಗಳಿದ್ದರೆ ಇಪ್ಪತ್ತಕ್ಕೂ ಕೆಂಪು ಗೆರೆ ಎಳೆಯಬೇಡಿ. ಈ ವಾರ ಹ-ಅ, ಮುಂದಿನ ವಾರ ಒತ್ತಕ್ಷರ ಎಂದು ಒಂದನ್ನೇ ಹಿಡಿಯಿರಿ.

ಅರ್ಕಾವತ್ತಿನ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಬಹಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ‘ಸೂರ್ಯ’ ಎಂಬುದನ್ನು ಪ್ರತಿ ಸಲವೂ ‘ಸೂಯ್ರ’ ಎಂದು ಬರೆಯುತ್ತಿದ್ದಳು. ನಾನು ಇಪ್ಪತ್ತು ಸಲ ಬರೆದು ತಾ ಎಂದು ಶಿಕ್ಷೆ ಕೊಟ್ಟೆ. ಅವಳು ಬರೆಯುವಾಗ ಹಿಂದಿನಿಂದ ಹೋಗಿ ನೋಡಿದರೆ, ಪುಟದ ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತು ‘ಸೂ’ಗಳನ್ನು ಒಂದು ಕಂಬದಂತೆ ಬರೆದು ಮುಗಿಸಿದ್ದಳು, ಆಮೇಲೆ ಇಪ್ಪತ್ತು ‘ಯ’ಗಳ ಕಂಬ, ಕೊನೆಗೆ ಇಪ್ಪತ್ತು ಅರ್ಕಾವತ್ತುಗಳು. ಇಪ್ಪತ್ತು ಸರಿಯಾದ ‘ಸೂರ್ಯ’ಗಳು ಪುಟದ ಮೇಲಿದ್ದವು, ಆದರೆ ಅವಳು ಆ ಪದವನ್ನು ಒಂದು ಸಲವೂ ಬರೆದಿರಲಿಲ್ಲ. ಅವಳ ತಪ್ಪಿನ ಕಾರಣ ಸರಳವಾಗಿತ್ತು. ಉಳಿದ ಎಲ್ಲ ಒತ್ತಕ್ಷರಗಳಲ್ಲಿ ನಂತರ ಬರೆದದ್ದನ್ನು ನಂತರ ಉಚ್ಚರಿಸುತ್ತೇವೆ. ಅರ್ಕಾವತ್ತು ಮಾತ್ರ ಬರವಣಿಗೆಯಲ್ಲಿ ಹಿಂದೆ ನಿಂತು ಉಚ್ಚಾರದಲ್ಲಿ ಮುಂದೆ ಬರುತ್ತದೆ. ಅವಳು ತಾನು ಕಲಿತ ನಿಯಮವನ್ನು ಅದಕ್ಕೂ ಅನ್ವಯಿಸಿದ್ದಳು. ಈ ಒಂದು ಮಾತನ್ನು ನಾನು ಮೊದಲೇ ಹೇಳಿದ್ದರೆ ಒಂದು ಪುಟ ಕಾಗದ ಉಳಿಯುತ್ತಿತ್ತು.

ಅಂಕ, ಷರಾ, ಭಯ

ರೂತ್ ಬಟ್ಲರ್ ಅವರು ಇಸ್ರೇಲಿನ ಶಾಲಾಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಲಿಖಿತ ಷರಾ ಮಾತ್ರ, ಉಳಿದವರಿಗೆ ಎರಡನ್ನೂ ಕೊಡಲಾಗಿತ್ತು. ಷರಾ ಮಾತ್ರ ಪಡೆದವರ ಕೆಲಸ ಸುಧಾರಿಸಿತು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಿಗಿಂತ ಹೆಚ್ಚು ಮುಂದುವರಿಯಲಿಲ್ಲ. ಅಂಕ ಕಂಡ ಮೇಲೆ ಷರಾದ ಕಡೆಗೆ ಮನಸ್ಸು ಹೋಗುವುದಿಲ್ಲ. ನಮ್ಮಲ್ಲಿ ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಪಾಠದ ಜೊತೆಜೊತೆಗೇ ವರ್ಷದ ನಡುವೆ ನಡೆಸುವ ಮೌಲ್ಯಮಾಪನದ, ಅಂಕಗಳನ್ನು ದಾಖಲಿಸಲೇಬೇಕು, ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಆದರೆ ಕ್ರಮವನ್ನು ಬದಲಿಸಬಹುದು: ಮೊದಲು ಷರಾ ಮಾತ್ರ ಬರೆದು ಉತ್ತರಪತ್ರಿಕೆಯನ್ನು ಕೊಡಿ, ಒಂದು ಪೀರಿಯಡ್ಡು ತಿದ್ದಿಕೊಳ್ಳಲು ಬಿಡಿ, ಆಮೇಲೆ ಅಂಕವನ್ನು ತಿಳಿಸಿ. ಷರಾ ‘ಉತ್ತಮ’, ‘ಪರವಾಗಿಲ್ಲ’, ‘ಇನ್ನೂ ಪ್ರಯತ್ನಿಸು’ ಎಂದಾದರೆ ಅದೂ ಅಂಕವೇ, ವೇಷ ಮಾತ್ರ ಬೇರೆ. ‘ಎರಡನೆಯ ಮತ್ತು ನಾಲ್ಕನೆಯ ಲೆಕ್ಕಗಳಲ್ಲಿ ಬಿಡಿ ಸ್ಥಾನದ ಮೇಲಿನ ಅಂಕಿ ಚಿಕ್ಕದಿದೆ, ಅಲ್ಲಿ ಏನು ಮಾಡಿದೆ, ಮತ್ತೆ ನೋಡು’ ಎಂಬುದು ಷರಾ. ಅದನ್ನು ಓದಿದ ಮಗುವಿಗೆ ಮಾಡಲು ಒಂದು ಕೆಲಸವಿದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಾನೂನಿನ ಮಾತು ಒಂದು ಕಡೆಗಿರಲಿ. ಬೈಗುಳಕ್ಕೆ ಹೆದರಿದ ಮಗು ಪಕ್ಕದವರ ಕಾಪಿಯನ್ನು ನೋಡಿ ಬರೆಯುತ್ತದೆ, ಇಲ್ಲವೇ ಗೈಡಿನಿಂದ ಇಳಿಸಿಕೊಳ್ಳುತ್ತದೆ, ಆಗ ಎಲ್ಲ ನಲವತ್ತು ಕಾಪಿಗಳೂ ಸರಿಯಾಗಿರುತ್ತವೆ, ಗುಡ್ಡೆ ಹಾಕಲು ಏನೂ ಉಳಿಯುವುದಿಲ್ಲ. ಹಲಗೆಯ ಮೇಲೆ ನೀವೇ ತಪ್ಪು ಬರೆದು ಮಗುವೊಂದು ಅದನ್ನು ತೋರಿಸಿದಾಗ, ‘ನಿಮ್ಮನ್ನು ಪರೀಕ್ಷಿಸಲು ಹಾಗೆ ಬರೆದೆ’ ಎಂಬ ಹಳೆಯ ಸುಳ್ಳನ್ನು ಹೇಳಬೇಡಿ. ಮಕ್ಕಳು ಅದನ್ನು ನಂಬುವುದಿಲ್ಲ.

ಸಮಯ ಎಲ್ಲಿದೆ?

ಇದು ನ್ಯಾಯವಾದ ಪ್ರಶ್ನೆ. ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು; ಆದರೆ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವರು, ಬಿಸಿಯೂಟದ ಲೆಕ್ಕ ಬರೆಯುವವರು, ಸಮೀಕ್ಷೆಗೆ ಓಡಾಡುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಎಲ್ಲ ಮಕ್ಕಳನ್ನೂ ಪ್ರತಿದಿನ ಮಾತನಾಡಿಸಬೇಕಿಲ್ಲ. ದಿನಕ್ಕೆ ಒಂದು ಬೆಂಚು, ಅಂದರೆ ನಾಲ್ಕೈದು ಮಕ್ಕಳು, ಎಂದು ಇಟ್ಟುಕೊಂಡರೆ ಒಂದೂವರೆ ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿದ ನಲಿ-ಕಲಿ ಎಂಬ, ಕೆಳಗಿನ ತರಗತಿಗಳ ಗುಂಪು ಕಲಿಕೆಯ ಪದ್ಧತಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತಲ್ಲ: ಉಳಿದ ಗುಂಪುಗಳು ತಾವಾಗಿಯೇ ಅಥವಾ ಗೆಳೆಯರ ನೆರವಿನಿಂದ ಕೆಲಸದಲ್ಲಿ ತೊಡಗಿರುವಾಗ ಶಿಕ್ಷಕರು ಒಂದು ಗುಂಪಿನ ಜೊತೆ ನೆಲದ ಮೇಲೆ ಕೂರುತ್ತಾರೆ. ಅದೇ ವ್ಯವಸ್ಥೆಯನ್ನು ನಾಲ್ಕು, ಐದನೆಯ ತರಗತಿಗಳಲ್ಲಿ ವಾರಕ್ಕೆ ಎರಡು ಪೀರಿಯಡ್ಡು ಇಟ್ಟುಕೊಳ್ಳಲು ಯಾರ ಆದೇಶವೂ ಬೇಕಿಲ್ಲ.

ಒಂದು ನೂರು ಪುಟದ ನೋಟ್‌ಬುಕ್ಕನ್ನು ತಪ್ಪುಗಳಿಗೆಂದೇ ಇಡಿ. ಅದರಲ್ಲಿ ಮಕ್ಕಳ ಹೆಸರು ಬೇಡ. ತಪ್ಪು, ಮಗು ಹೇಳಿದ ಕಾರಣ, ನೀವು ಮಾಡಿದ್ದೇನು, ಎರಡು ವಾರಗಳ ನಂತರ ಏನಾಯಿತು, ಇಷ್ಟು ಸಾಕು. ಅದನ್ನು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ತೆಗೆದುಕೊಂಡು ಹೋಗಿ. ಸುತ್ತೋಲೆಗಳನ್ನು ಓದುವುದರಲ್ಲಿಯೇ ಮುಗಿದುಹೋಗುವ ಆ ಸಭೆಗಳಲ್ಲಿ ‘325 ಎಂದು ಬರೆಯುವವರು ನಿಮ್ಮಲ್ಲೂ ಇದ್ದಾರೆಯೇ?’ ಎಂದು ಕೇಳಿದರೆ ನಿದ್ದೆಗಣ್ಣಿನವರೂ ತಲೆ ಎತ್ತುತ್ತಾರೆ.

ಇಷ್ಟೆಲ್ಲ ಮಾಡಿಯೂ ಎರಡು ವಾರಗಳ ನಂತರ ಒಂದಿಬ್ಬರು ಮಕ್ಕಳು ಮತ್ತೆ 52–27ಕ್ಕೆ 35 ಎಂದೇ ಬರೆಯುತ್ತಾರೆ. ಅವರಿಗೆ ಮೂರನೆಯ ಸಲ ಕಳೆಯುವುದನ್ನು ಹೇಳಿಕೊಡಬೇಡಿ. 52 ಬಿಡಿ ಕಡ್ಡಿಗಳನ್ನು ಮುಂದೆ ಸುರಿದು, ಎಣಿಸಿ ಹತ್ತು ಹತ್ತರ ಕಟ್ಟು ಕಟ್ಟಲು ಹೇಳಿ, ಆಮೇಲೆ 52 ಎಂದು ಬರೆಸಿ, ‘ಇದರಲ್ಲಿ ಈ ಐದು ಎಷ್ಟು ಕಡ್ಡಿ? ತೋರಿಸು’ ಎಂದು ಕೇಳಿ. ಐದು ಕಡ್ಡಿಗಳನ್ನು ಎತ್ತಿ ತೋರಿಸಿದರೆ, ಮರುದಿನದ ಪಾಠ ಅಲ್ಲಿಂದ ಶುರುವಾಗಬೇಕು.